ಎಲ್ಲವೂ ದಪ್ಪ ಅಕ್ಷರ, ಆದರೂ ರೇಟು ಯಾರಿಗೂ ಕಾಣುತ್ತಿಲ್ಲ

ಪಾಂಡವಪುರದ ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪಾಂಡವಪುರದ ಹತ್ತಿರ ನಮ್ಮ ಚಿಕ್ಕಪ್ಪನ ಆಲೆಮನೆ ಇದೆ. ಬೆಲ್ಲ ಮಾರುವುದಕ್ಕೆ ನಾನೇ ಒಂದು ವೆಬ್‌ಸೈಟ್ ಮಾಡಿದ್ದೇನೆ. ಜನ ಬಂದು ನೋಡುತ್ತಿದ್ದಾರೆ. ಆದರೆ ನೋಡಿದವರೇ ಫೋನ್ ಮಾಡಿ "ಕೆಜಿ ಎಷ್ಟು?" ಅಂತ ಕೇಳುತ್ತಾರೆ. ರೇಟು ಪುಟದಲ್ಲೇ ಇದೆ!

ಈಗ ಹೀಗಿದೆ: ಮೇಲೆ ಓಡುವ ಅಕ್ಷರದಲ್ಲಿ "ಮಂಡ್ಯದ ಶುದ್ಧ ಬೆಲ್ಲ". ಕೆಳಗೆ ತಾನಾಗಿ ಬದಲಾಗುವ ನಾಲ್ಕು ಫೋಟೋ. ಆಮೇಲೆ ಅಚ್ಚು, ಉಂಡೆ, ಪುಡಿ, ಜೋನಿ ಅಂತ ಹೆಸರುಗಳು ಕೆಂಪಿನಲ್ಲಿ, ರೇಟು ಹಳದಿಯಲ್ಲಿ, ಐದು ಬಟನ್ ಹಸಿರಿನಲ್ಲಿ. ಮೊದಲು ರೇಟು ದೊಡ್ಡದು ಮಾಡಿದೆ. ಬಟನ್ ಕಾಣಲ್ಲ ಅಂದರು. ಬಟನ್ ದೊಡ್ಡದು ಮಾಡಿದೆ. ಬೆಲ್ಲದ ಹೆಸರೇ ಸಣ್ಣದಾಯ್ತು ಅಂತ ಚಿಕ್ಕಪ್ಪ ಬೇಜಾರು ಮಾಡಿಕೊಂಡರು. ಅದನ್ನೂ ಬೋಲ್ಡ್ ಮಾಡಿದೆ. ಈಗ ಎಲ್ಲವೂ ದೊಡ್ಡದೇ. ಮುಂದೆ ಏನು ಮಾಡಲಿ?

ಮಂಡ್ಯ ಸ್ಟುಡಿಯೋ:

ಐದು ಬಟನ್ ಯಾಕೆ? ಆರ್ಡರ್ ವಾಟ್ಸಾಪಲ್ಲೇ ಬರುವುದಾದರೆ ಅದೊಂದೇ ಸಾಕು. ಹಳದಿ ಅಕ್ಷರ ಮೊದಲು ತೆಗೆಯಿರಿ. ಬಿಸಿಲಲ್ಲಿ ನಿಂತು ಫೋನ್ ನೋಡಿದರೆ ಏನೂ ಕಾಣಲ್ಲ.

ಅಚ್ಚುಮೊಳೆ, ಮೈಸೂರು:

ತಂಗಿ, ನಾನು ಮೈಸೂರಿನ ಅಗ್ರಹಾರದ ಕಡೆ ಒಂದು ಪ್ರೆಸ್‌ನಲ್ಲಿ ತುಂಬಾ ವರ್ಷ ಲಗ್ನಪತ್ರಿಕೆ ಡಿಟಿಪಿ ಮಾಡಿದವನು. ಈಗ ವೆಬ್ ಪುಟ ಮಾಡುತ್ತೇನೆ. ನಿಮ್ಮ ತೊಂದರೆ ನನಗೆ ಚೆನ್ನಾಗಿ ಗೊತ್ತು.

ಮನೆಯಲ್ಲಿರುವ ಯಾವುದಾದರೂ ಲಗ್ನಪತ್ರಿಕೆ ತೆಗೆದು ನೋಡಿ. ಮೇಲೆ ಮನೆದೇವರ ಹೆಸರು ಸಣ್ಣದಾಗಿ ಇರುತ್ತದೆ. ದೇವರಿಗೆ ಮರ್ಯಾದೆ ಕಮ್ಮಿ ಅಂತ ಅಲ್ಲ, ಜಾಗ ಮೊದಲನೆಯದು ಕೊಟ್ಟಾಗಿದೆ, ದೊಡ್ಡ ಅಕ್ಷರ ಬೇಕಾಗಿಲ್ಲ. ಹುಡುಗ ಹುಡುಗಿ ಹೆಸರು ಎಲ್ಲಕ್ಕಿಂತ ದೊಡ್ಡದು, ಸುತ್ತ ಖಾಲಿ ಜಾಗ. ಆಮೇಲೆ ಮುಹೂರ್ತ, ಛತ್ರ. ಕೊನೆಯಲ್ಲಿ "ಸುಖಾಗಮನ ಬಯಸುವವರು". ಪತ್ರಿಕೆ ಕೈಗೆ ಬಂದವರು ಕೇಳುವುದೂ ಅದೇ ಸಾಲಿನಲ್ಲಿ ಅಲ್ವಾ: ಯಾರ ಮದುವೆ, ಯಾವತ್ತು, ಎಲ್ಲಿ?

ಒಮ್ಮೆ ಒಬ್ಬರು ಬಂದು ಬಂಧುಗಳ ಹೆಸರೆಲ್ಲ ಬೋಲ್ಡ್ ಬೇಕು ಅಂದರು. ಒಬ್ಬರದು ಮಾಡಿ ಇನ್ನೊಬ್ಬರದು ಬಿಟ್ಟರೆ ಜಗಳ. ನಾನು ಒಪ್ಪಿಕೊಂಡು ಮಾಡಿಕೊಟ್ಟೆ. ಪತ್ರಿಕೆ ಹಂಚಿದ ಮೇಲೆ ಛತ್ರ ಎಲ್ಲಿ ಅಂತ ಅವರಿಗೆ ಫೋನ್ ಮೇಲೆ ಫೋನ್. ಛತ್ರದ ಹೆಸರು ಅಲ್ಲೇ ಇತ್ತು. ಅವತ್ತು ಅವರಿಗೆ ತಿಳಿಸಿ ಹೇಳಬೇಕಿತ್ತು ಅಂತ ಇವತ್ತಿಗೂ ಅನಿಸುತ್ತದೆ. ದಪ್ಪ ಅಕ್ಷರ ಕಾಣಬೇಕಾದರೆ ಪಕ್ಕದಲ್ಲಿ ತೆಳು ಅಕ್ಷರ ಇರಬೇಕು.

ನಿಮ್ಮ ಪುಟಕ್ಕೆ ಬರುವವರು ಕೇಳುವುದು ಮೂರೇ: ಯಾವ ಬೆಲ್ಲ, ಎಷ್ಟು, ಹೇಗೆ ತರಿಸಿಕೊಳ್ಳೋದು. ಈ ಮೂರು ಒಂದೇ ಕಡೆ ಒಟ್ಟಿಗೆ ಇರಲಿ. ಬೆಲ್ಲದ ಹೆಸರು, ಅದರ ಕೆಳಗೇ ರೇಟು, ಅದರ ಕೆಳಗೇ ಬಟನ್. ಎರಡು ಬೆಲ್ಲದ ಮಧ್ಯೆ ಧಾರಾಳವಾಗಿ ಜಾಗ ಬಿಡಿ. ಹತ್ತಿರ ಇದ್ದದ್ದನ್ನು ಕಣ್ಣು ಒಂದೇ ಗುಂಪು ಅಂದುಕೊಳ್ಳುತ್ತದೆ. ಅದಕ್ಕೆ ಗೆರೆಯೂ ಬೇಡ, ಡಬ್ಬಿಯೂ ಬೇಡ. ಬಣ್ಣ ಬಟನ್‌ಗೆ ಮಾತ್ರ.

ಹಳದಿ ವಿಷಯ ಮೇಲೆ ಹೇಳಿದ್ದು ನಿಜ. ವೆಬ್ ಮಾನದಂಡ ಬರೆಯುವ ಡಬ್ಲ್ಯು3ಸಿ ಪ್ರಕಾರ ಮಾಮೂಲಿ ಅಳತೆಯ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ವ್ಯತ್ಯಾಸ (ಕಾಂಟ್ರಾಸ್ಟ್) ಕನಿಷ್ಠ 4.5:1 ಇರಬೇಕು. ಬಿಳಿ ಮೇಲೆ ಅಪ್ಪಟ ಹಳದಿ ಇಟ್ಟರೆ ಸಿಗುವುದು 1.07:1 ಅಷ್ಟೇ. ಫೋನ್ ಕರೆ ಬರುವುದು ಇದರಿಂದಲೇ ಜಾಸ್ತಿ ಅಂತ ನನ್ನ ಊಹೆ.

ಇನ್ನೊಂದು ಮಾತು, ಇದು ಕನ್ನಡದಲ್ಲಿ ಪುಟ ಮಾಡುವವರಿಗೆ ಮಾತ್ರ. ರೆಡಿಮೇಡ್ ಥೀಮ್‌ಗಳು, ಅಂದರೆ ಮೊದಲೇ ಮಾಡಿಟ್ಟ ಪುಟದ ವಿನ್ಯಾಸಗಳು, ಹೆಚ್ಚಾಗಿ ಇಂಗ್ಲಿಷ್ ಅಕ್ಷರ ನೋಡಿ ಮಾಡಿದ್ದು. ಅವುಗಳಲ್ಲಿ ಎಷ್ಟೋ ಹೆಡ್ಡಿಂಗ್ ಎದ್ದು ಕಾಣಲಿ ಅಂತ ಕ್ಯಾಪಿಟಲ್ ಅಕ್ಷರ ಬಳಸುತ್ತವೆ. ನಮ್ಮಲ್ಲಿ ಕ್ಯಾಪಿಟಲ್ ಇಲ್ಲ, ಹಾಗಾಗಿ ಆ ಹೆಡ್ಡಿಂಗ್ ಸಪ್ಪೆಯಾಗಿ ಕೂರುತ್ತದೆ. ಇಟಾಲಿಕ್ ಹಾಕಿದರೆ ಅಕ್ಷರ ಸುಮ್ನೆ ಒಂದು ಕಡೆ ವಾಲುತ್ತದೆ. ನಮಗಿರುವುದು ಅಳತೆ, ದಪ್ಪ, ಖಾಲಿ ಜಾಗ ಮೂರೇ.

"ಅಚ್ಚು ಬೆಲ್ಲ" ಅನ್ನುವುದನ್ನೇ ನೋಡಿ. ಎರಡು ಪದಕ್ಕೂ ಒತ್ತು ಇದೆ, ಎರಡೂ ಕೆಳಗೆ ಇಳಿಯುತ್ತವೆ. ಕೆಳಗಿನ ಸಾಲಲ್ಲಿ ಗುಡಿಸು ಬಂದರೆ ಅದು ಮೇಲಕ್ಕೆ ಏಳುತ್ತದೆ. ಲೈನ್ ಹೈಟ್, ಅಂದರೆ ಒಂದು ಸಾಲಿಗೆ ಕೊಡುವ ಎತ್ತರ, ಅಕ್ಷರದ ಅಳತೆಯ 1.2 ಪಟ್ಟು ಮಾತ್ರ ಇದ್ದರೆ ಎರಡೂ ಡಿಕ್ಕಿ ಹೊಡೆಯಬಹುದು. ನಾನು 1.6, 1.7 ಇಡುತ್ತೇನೆ. ಲೆಟರ್ ಸ್ಪೇಸಿಂಗ್, ಅಂದರೆ ಅಕ್ಷರಗಳ ಮಧ್ಯೆ ಸೇರಿಸುವ ಹೆಚ್ಚುವರಿ ಜಾಗ, ಸೊನ್ನೆ. ಬೋಲ್ಡ್ ಬೇಕಾದರೆ ಫಾಂಟಿನ ಬೋಲ್ಡ್ ಫೈಲನ್ನೇ ಸೇರಿಸಿ, ನೋಟೋ ಸಾನ್ಸ್ ಕನ್ನಡದಲ್ಲಿ ಇದೆ. ಇಲ್ಲದಿದ್ದರೆ ಬ್ರೌಸರೇ ಅಕ್ಷರವನ್ನು ಉಬ್ಬಿಸುತ್ತದೆ, ಒಳಗಿನ ಸಂದು ಮುಚ್ಚಿಹೋಗುತ್ತದೆ.

ಮದ್ದೂರು ಮಂಜಣ್ಣ:

ಅಣ್ಣ ಹೇಳಿದ್ದು ಸರಿ, ಆದರೆ ನನಗೊಂದು ಅನುಮಾನ. ಎಲ್ಲ ತೆಗೆದು ಬೋಳು ಮಾಡಿದರೆ ಯಾವುದೋ ಕಂಪನಿ ಪುಟದ ಥರ ಆಗುತ್ತದೆ. ನಾನು ಬೆಲ್ಲ ಕೊಳ್ಳುವುದು ಕೊಪ್ಪರಿಗೆ ಮುಂದೆ ನಿಂತ ಮನುಷ್ಯನನ್ನು ನೋಡಿ. ಆ ಫೋಟೋ ಹೋಗಬಾರದು.

ಅಚ್ಚುಮೊಳೆ, ಮೈಸೂರು:

ಖಂಡಿತ ಹೋಗಬಾರದು ಮಂಜಣ್ಣ. ನಾಲ್ಕು ಫೋಟೋ ಓಡಿಸುವ ಬದಲು ಅದೊಂದೇ ನಿಲ್ಲಲಿ, ಮೇಲೆಯೇ ಇರಲಿ. ಆದರೆ ಇಡೀ ಪರದೆ ತುಂಬದಿರಲಿ, ಕೆಳಗೆ ಮೊದಲ ಬೆಲ್ಲದ ಹೆಸರೂ ರೇಟೂ ಕಾಣಲಿ. ಆಲೆಮನೆ ಕಥೆ ಬೇಕಾದವರು ಕೆಳಗೆ ಓದುತ್ತಾರೆ. ಓಡುವ ಅಕ್ಷರ ಮಾತ್ರ ಬೇಡ. 5 ಸೆಕೆಂಡಿಗಿಂತ ಜಾಸ್ತಿ ತಾನಾಗಿ ಓಡುವುದಕ್ಕೆ ನಿಲ್ಲಿಸುವ ದಾರಿ ಇರಬೇಕು ಅಂತ ಅದೇ ಮಾನದಂಡ ಹೇಳುತ್ತದೆ. ಪಕ್ಕದಲ್ಲಿ ಏನೋ ಓಡುತ್ತಿದ್ದರೆ ವಯಸ್ಸಾದವರಿಗೆ ಓದುವುದೇ ಕಷ್ಟ.

ತಂಗಿ, ಮುಗಿದ ಮೇಲೆ ಫೋನನ್ನು ಕೈಯಳತೆ ದೂರ ಹಿಡಿದು ಕಣ್ಣು ಅರ್ಧ ಮುಚ್ಚಿ ನೋಡಿ. ಅಕ್ಷರ ಮಸುಕಾಗಬೇಕು. ಆಗಲೂ ಮೊದಲು ಎದ್ದು ಕಾಣುವುದು ಯಾವುದು ಅಂತ ಬರೆಯಿರಿ.

ಪಾಂಡವಪುರದ ಹುಡುಗಿ:

ಅಣ್ಣ, ನಿನ್ನೆ ರಾತ್ರಿ ಕೂತು ಬದಲಾಯಿಸಿದೆ. ಕಣ್ಣು ಅರ್ಧ ಮುಚ್ಚಿ ನೋಡಿದಾಗ ಮೊದಲು ಕಂಡಿದ್ದು ಹಸಿರು ಬಟನ್, ಆಮೇಲೆ ರೇಟು. ಕಪ್ಪು ಅಕ್ಷರದಲ್ಲಿ ರೇಟು ಇಷ್ಟು ಚೆನ್ನಾಗಿ ಕಾಣುತ್ತೆ ಅಂತ ಅಂದುಕೊಂಡಿರಲಿಲ್ಲ. "ಅಚ್ಚು ಬೆಲ್ಲ" ಒತ್ತು ನಿಜವಾಗಲೂ ಕೆಳಗಿನ ಸಾಲಿಗೆ ತಾಗುತ್ತಿತ್ತು, ನಾನು ಗಮನಿಸಿಯೇ ಇರಲಿಲ್ಲ.

ಬೆಳಿಗ್ಗೆ ಚಿಕ್ಕಮ್ಮನಿಗೆ ಫೋನ್ ಕೊಟ್ಟು ಏನೂ ಹೇಳದೆ ಪಕ್ಕದಲ್ಲಿ ನಿಂತೆ. ಕನ್ನಡಕ ಇಲ್ಲದೆಯೇ "ಪುಡಿ ಬೆಲ್ಲ 90 ರೂಪಾಯಾ?" ಅಂದರು. ಚಿಕ್ಕಪ್ಪ ಅವರ ಕೈಯಿಂದ ಫೋನ್ ಇಸ್ಕೊಂಡು ತುಂಬಾ ಹೊತ್ತು ನೋಡಿದರು. ಜೋನಿ ಬೆಲ್ಲ ಅರ್ಧ ಕೆಜಿಯದೂ ರೇಟು ಹಾಕಬೇಕಂತೆ. ಅದನ್ನು ಒಂದು ಕೆಜಿ ರೇಟಿನ ಪಕ್ಕ ಇಡಲೋ, ಕೆಳಗೆ ಇಡಲೋ?

ಅಚ್ಚುಮೊಳೆ, ಮೈಸೂರು:

ಕೆಳಗೆ, ಸಣ್ಣದಾಗಿ. ಜಾಸ್ತಿ ಜನ ಒಯ್ಯುವುದು ಅರ್ಧ ಕೆಜಿಯೇ ಆದರೆ ಅದು ಮೇಲೆ ಬರಲಿ. ಚಿಕ್ಕಪ್ಪನನ್ನೇ ಕೇಳಿ, ಅವರಿಗೆ ಗೊತ್ತಿರುತ್ತದೆ.