ಸೆಕೆಂಡ್ ಹ್ಯಾಂಡ್ ಪೋಲೊ ಕಾರು ತಗೊಳ್ಬೇಕು, ಪೆಟ್ರೋಲಾ ಡೀಸೆಲ್ಲಾ?

ಪ್ರಶ್ನೆ: ಎಲ್ರಿಗೂ ನಮಸ್ಕಾರ, 2018ರ ಪೋಲೊ ಎರಡು ನೋಡಿದೀನಿ, ಒಂದು 1.0 ಪೆಟ್ರೋಲ್ 45 ಸಾವಿರ ಕಿಮೀ ಓಡಿರೋದು, ಇನ್ನೊಂದು 1.5 ಟಿಡಿಐ ಡೀಸೆಲ್ 90 ಸಾವಿರ. ವಿಜಯನಗರದಿಂದ ಆಫೀಸಿಗೆ ಹೋಗಿಬರೋಕೆ ದಿನಾ 14 ಕಿಮೀ, ತಿಂಗಳಿಗೊಂದ್ಸಲ ಹಾಸನ. ಡೀಸೆಲ್ ಓಡಿಸಿದ್ಮೇಲೆ ಮನಸ್ಸು ಅಲ್ಲೇ ನಿಂತಿದೆ, ಏನ್ ಮಾಡ್ಲಿ?

ಉತ್ತರ 1: ಪೆಟ್ರೋಲೇ ತಗೊಳ್ಳಿ ಬ್ರೋ. ಒಂದು ಕಡೆಗೆ 7 ಕಿಮೀಗೆ ಡೀಸೆಲ್ ಇಂಜಿನ್ ಸರಿಯಾಗಿ ಬಿಸಿನೂ ಆಗಲ್ಲ, ಇಜಿಆರ್ ವಾಲ್ವಲ್ಲಿ (ಹೊಗೆನ ಸ್ವಲ್ಪ ವಾಪಸ್ ಇಂಜಿನ್ನಿಗೆ ಬಿಡೋ ವಾಲ್ವ್) ಮಸಿ ಕಟ್ಕೊಳುತ್ತೆ. ನನ್ ಹಳೇ ಡೀಸೆಲ್ ಕಾರು, ಬೇರೆ ಕಂಪನಿದು, ಹಿಂಗೇ ಸಿಟೀಲೇ ಓಡಿಸಿ ಪಿಕಪ್ಪೇ ಹೋಗಿತ್ತು, ಬಿಚ್ಚಿದ್ರೆ ಒಳಗೆಲ್ಲ ಡಾಂಬರ್ ಥರ ಅಂಟ್ಕೊಂಡಿದೆ, ಮೆಕ್ಯಾನಿಕ್ ಸ್ಕ್ರೂಡ್ರೈವರಲ್ಲಿ ಕೆರೆದು ಕೆರೆದು ತೆಗೆದ್ರು.

ಉತ್ತರ 2: ಡೀಸೆಲ್ ಟಾರ್ಕ್ (ಎಳೆಯೋ ಶಕ್ತಿ) ಮುಂದೆ 1.0 ಪೆಟ್ರೋಲ್ ಸಪ್ಪೆನೇ, ಎಸಿ ಹಾಕ್ಕೊಂಡು ಫ್ಲೈಓವರ್ ಹತ್ತಿದ್ರೆ ಗೊತ್ತಾಗುತ್ತೆ. ತಿಂಗಳಿಗೆ 1500 ಕಿಮೀ ಓಡಿಸೋರಾದ್ರೆ ನಾನೂ ಡೀಸೆಲ್ಲೇ ಅಂತಿದ್ದೆ. ಹಠ ಬಿಡಲ್ಲ ಅಂದ್ರೆ ಟೈಮಿಂಗ್ ಬೆಲ್ಟ್ (ವಾಲ್ವು, ಪಿಸ್ಟನ್ ಎರಡೂ ತಾಳ ತಪ್ಪದಂಗೆ ಓಡಿಸೋ ಬೆಲ್ಟ್) ಚೇಂಜ್ ಮಾಡಿರೋ ಬಿಲ್ ಕೇಳಿ, ಬಾಯ್ಮಾತು ನಂಬ್ಬೇಡಿ, ಬೆಲ್ಟ್ ಕಟ್ಟಾದ್ರೆ ವಾಲ್ವು ಪಿಸ್ಟನ್ನಿಗೆ ಬಡಿದು ಇಂಜಿನ್ನೇ ಬಿಚ್ಬೇಕಾಗುತ್ತೆ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಹೋಗಿ ನಿಮ್ ಕೈಯಾರೆ ಸ್ಟಾರ್ಟ್ ಮಾಡಿ. ಕೂಲಂಟ್ (ಇಂಜಿನ್ ತಣ್ಣಗಿಡೋ ದ್ರವ) ಡಬ್ಬಿನೂ ನೋಡಿ, ಗುಲಾಬಿ ಬಣ್ಣ ಇರ್ಬೇಕು, ಕಂದು ಬಣ್ಣ ಇದ್ರೆ ಯಾರೋ ಏನೇನೋ ಬೆರೆಸಿರ್ಬಹುದು.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಬೆಲ್ಟ್ ಬಿಲ್ ಕೇಳ್ದೆ, ಇಲ್ವಂತೆ. ಭಾನುವಾರ ಪೆಟ್ರೋಲ್ ಗಾಡಿನ ನಮ್ ಮೆಕ್ಯಾನಿಕ್‌ಗೆ ತೋರಿಸ್ತೀನಿ.