ಪರೀಕ್ಷಾ ವಿಕಿಯಲ್ಲಿ ನಿರ್ವಾಹಕ ಅಧಿಕಾರ ಯಾರಿಗೆ, ಎಷ್ಟು ಕಾಲ?

ಕೇಳಿದ್ದು: ನಾವು ಕೆಲವು ಸ್ವಯಂಸೇವಕರು ಬಾಡಿಗೆ ಸರ್ವರ್‌ನಲ್ಲಿ ವಿಕಿಪೀಡಿಯ ನಡೆಯುವ ತಂತ್ರಾಂಶವಾದ ಮೀಡಿಯಾವಿಕಿಯನ್ನು ಹಾಕಿಕೊಂಡಿದ್ದೇವೆ. ಕನ್ನಡ ವಿಕಿಪೀಡಿಯಕ್ಕೆ ಬೇಕಾದ ಟೆಂಪ್ಲೇಟು (ಹಲವು ಪುಟಗಳಲ್ಲಿ ಬಳಸುವ ಅಚ್ಚು), ಲುವಾ ಭಾಷೆಯಲ್ಲಿ ಬರೆದ ಮಾಡ್ಯೂಲು, ಬಳಕೆದಾರರು ಆರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯಗಳಾದ ಗ್ಯಾಜೆಟ್‌ಗಳನ್ನು ಮೊದಲು ಅಲ್ಲಿ ಪರೀಕ್ಷಿಸುತ್ತೇವೆ. ಅಧಿಕಾರವೆಲ್ಲ ನನ್ನೊಬ್ಬನ ಬಳಿಯೇ ಇದೆ. ಹೊಸಬರು ಕೇಳುತ್ತಿದ್ದಾರೆ. ನಿಮ್ಮಲ್ಲಿ ಹೇಗೆ ಹಂಚಿಕೊಂಡಿದ್ದೀರಿ?

ಉತ್ತರ 1: ನಿರ್ವಾಹಕ ಅಧಿಕಾರವನ್ನು ಧಾರಾಳವಾಗಿ ಕೊಡಿ ಸಾರ್. ಪುಟ ಅಳಿಸುವುದು, ಸಂರಕ್ಷಿಸುವುದು, ಬಳಕೆದಾರರನ್ನು ತಡೆಯುವುದು ಇವನ್ನೆಲ್ಲ ಪರೀಕ್ಷಾ ವಿಕಿಯಲ್ಲಿ ಕಲಿಯದೆ ಇನ್ನೆಲ್ಲಿ ಕಲಿಯಬೇಕು? ಅಳಿಸಿದ ಪುಟವನ್ನು ಮರಳಿ ತರಬಹುದು, ಯಾರು ಅಳಿಸಿದರೆಂಬುದೂ ದಾಖಲೆಯಲ್ಲಿ ಇರುತ್ತದೆ.

ಆದರೆ ಅವಧಿ ಹಾಕಿಯೇ ಕೊಡಿ. 2017ರಲ್ಲಿ ಬಂದ ಮೀಡಿಯಾವಿಕಿಯ 1.29ನೇ ಆವೃತ್ತಿಯಿಂದ ಈಚೆಗೆ, ಬಳಕೆದಾರರ ಹಕ್ಕುಗಳ ಪುಟದಲ್ಲೇ ಮುಕ್ತಾಯದ ದಿನಾಂಕ ನಮೂದಿಸಬಹುದು. ಮೂರು ತಿಂಗಳೆಂದು ಹಾಕಿದರೆ ಆಮೇಲೆ ಅದು ತಾನಾಗಿಯೇ ಹೋಗುತ್ತದೆ. ಕೆಲಸ ಮಾಡುತ್ತಿರುವವರು ಮತ್ತೆ ಕೇಳಿ ಪಡೆಯುತ್ತಾರೆ. ಉಳಿದವರಿಗೆ ‘ನಿಮ್ಮ ಅಧಿಕಾರ ತೆಗೆಯುತ್ತಿದ್ದೇವೆ’ ಎಂದು ಯಾರೂ ಪತ್ರ ಬರೆಯಬೇಕಾಗಿಲ್ಲ. ನಮ್ಮ ಗುಂಪಿನ ಮನಸ್ತಾಪಗಳೆಲ್ಲ ಆ ಪತ್ರದಿಂದಲೇ ಶುರುವಾಗಿದ್ದವು.

ಎರಡು ಕಡೆ ಮಾತ್ರ ಕೈ ಬಿಗಿ ಹಿಡಿಯಿರಿ. ಮೊದಲನೆಯದು ಬ್ಯೂರೋಕ್ರಾಟ್, ಅಂದರೆ ಇತರರ ಹಕ್ಕುಗಳನ್ನು ನಿರ್ಧರಿಸುವವರು. ಮೀಡಿಯಾವಿಕಿಯ ಮೂಲ ವ್ಯವಸ್ಥೆಯಲ್ಲಿ ಅವರು ಯಾರಿಗೆ ಯಾವ ಹಕ್ಕನ್ನಾದರೂ ಕೊಡಬಲ್ಲರು, ಕಿತ್ತುಕೊಳ್ಳಲೂ ಬಲ್ಲರು, ನಿಮ್ಮದನ್ನೂ ಸೇರಿಸಿ. ಯಾವ ಗುಂಪಿನವರು ಯಾವ ಹಕ್ಕು ಕೊಡಬಹುದು, ತೆಗೆಯಬಹುದು ಎಂಬುದನ್ನು ಲೋಕಲ್‌ಸೆಟ್ಟಿಂಗ್ಸ್ ಎಂಬ ಸಂರಚನಾ ಕಡತದಲ್ಲಿ ಮಿತಿಗೊಳಿಸಲು ಸಾಧ್ಯ. ಎರಡನೆಯದು ಇಂಟರ್‌ಫೇಸ್ ನಿರ್ವಾಹಕ. ಇಡೀ ತಾಣಕ್ಕೆ ಅನ್ವಯವಾಗುವ ಜಾವಾಸ್ಕ್ರಿಪ್ಟ್ ತಿದ್ದುವ ಈ ಹಕ್ಕನ್ನು 2018ರಲ್ಲಿ ಸಾಮಾನ್ಯ ನಿರ್ವಾಹಕರಿಂದ ಬೇರ್ಪಡಿಸಿದ್ದು ಸುಮ್ಮನೆ ಅಲ್ಲ. ಆ ಸಂಕೇತ (ಕೋಡ್), ಪುಟಕ್ಕೆ ಬಂದ ಪ್ರತಿಯೊಬ್ಬರ ಬ್ರೌಸರ್‌ನಲ್ಲೂ ಅವರದೇ ಹಕ್ಕಿನಿಂದ ಓಡುತ್ತದೆ. ಬ್ಯೂರೋಕ್ರಾಟ್ ಒಬ್ಬರು ಪುಟ ತೆರೆದರೆ ಸಾಕು, ಅವರ ಹೆಸರಿನಲ್ಲಿ ಏನು ಬೇಕಾದರೂ ಮಾಡಿಸಬಹುದು. ಗ್ಯಾಜೆಟ್ ಬರೆಯುವವರಿಗೆ ಇದು ಬೇಕೇ ಬೇಕು, ಆದ್ದರಿಂದ ಬರೆಯುವವರಿಗೆ ಮಾತ್ರ ಕೊಡಿ.

ಉತ್ತರ 2: ಮೇಲಿನವರು ಹೇಳಿದ್ದು ವಿಕಿಯ ಒಳಗಿನ ಮಾತು. ಸರ್ವರ್‌ಗೇ ಪ್ರವೇಶವಿದ್ದವರ ಮುಂದೆ ಅದೊಂದೂ ನಡೆಯುವುದಿಲ್ಲ. ಕ್ರಿಯೇಟ್‌ಆ್ಯಂಡ್‌ಪ್ರಮೋಟ್ ಎಂಬ ಸ್ಕ್ರಿಪ್ಟ್ ಓಡಿಸಿ ಯಾರನ್ನು ಬೇಕಾದರೂ ನಿರ್ವಾಹಕರನ್ನಾಗಿ ಮಾಡಿಬಿಡಬಹುದು. ಈ ಪ್ರವೇಶ ಒಬ್ಬರಿಗಿಂತ ಹೆಚ್ಚು ಜನರಿಗೆ ಇರಲಿ, ಬೇರೆ ಬೇರೆ ಊರುಗಳಲ್ಲಿರುವ ಮೂವರಾದರೆ ಉತ್ತಮ. ಸರ್ವರ್‌ನ ಪೂರ್ಣ ಅಧಿಕಾರ ಕೊಡುವ ರೂಟ್ ಪಾಸ್‌ವರ್ಡ್ ಒಂದನ್ನೇ ವಾಟ್ಸ್ಆ್ಯಪ್‌ನಲ್ಲಿ ಹಂಚಿಕೊಳ್ಳುವ ಪದ್ಧತಿ ಇದ್ದರೆ ಇವತ್ತೇ ನಿಲ್ಲಿಸಿ. ಪ್ರತಿಯೊಬ್ಬರಿಗೂ ಅವರದೇ ಖಾತೆ, ದೂರದಿಂದ ಸರ್ವರ್‌ಗೆ ಪ್ರವೇಶಿಸಲು ಅವರದೇ ಎಸ್‌ಎಸ್‌ಎಚ್ ಕೀಲಿ, ರೂಟ್ ಅಧಿಕಾರ ಬೇಕಾದಾಗ ಸುಡೋ ಆಜ್ಞೆ. ಹಾಗಿದ್ದರೆ ಯಾವ ಆಜ್ಞೆ ಯಾರದೆಂದು ಲಾಗ್‌ನಲ್ಲಿ ತಿಳಿಯುತ್ತದೆ, ಒಬ್ಬರು ಬಿಟ್ಟುಹೋದಾಗ ಅವರ ಕೀಲಿಯನ್ನಷ್ಟೇ ತೆಗೆದರೆ ಸಾಕು.

ಎಲ್ಲರೂ ಮರೆಯುವುದು ಡೊಮೈನ್, ಅಂದರೆ ತಾಣದ ವಿಳಾಸದ ಹೆಸರು. ನಮಗೆ ಗೊತ್ತಿರುವ ಒಂದು ತಂಡದಲ್ಲಿ ಅದು ಒಬ್ಬರ ಸ್ವಂತ ಇಮೇಲ್‌ನಲ್ಲಿತ್ತು. ಅವರು ಹೊಸ ಕೆಲಸ ಹಿಡಿದು ಬೇರೆ ದೇಶಕ್ಕೆ ಹೋದರು, ನವೀಕರಣದ ನೆನಪೋಲೆಗಳು ಯಾರೂ ನೋಡದ ಪೆಟ್ಟಿಗೆಗೆ ಬಂದು ಬಿದ್ದವು. ಐದು ಜನ ನಿರ್ವಾಹಕರಿದ್ದರೂ ತಾಣ ತೆರೆಯಲಿಲ್ಲ. ಬಾಡಿಗೆಯ ಬಿಲ್ಲು, ಡೊಮೈನ್, ಬ್ಯಾಕಪ್ ಮೂರಕ್ಕೂ ಇಬ್ಬರು ಓದುವ ಇಮೇಲ್ ವಿಳಾಸ ಕೊಡಿ.

ಉತ್ತರ 3: ‘ಧಾರಾಳವಾಗಿ’ ಎಂಬ ಮಾತಿಗೆ ನನ್ನ ತಕರಾರಿದೆ. ನೋಂದಣಿ ತೆರೆದಿಟ್ಟ ಪರೀಕ್ಷಾ ವಿಕಿಗೆ ಮನುಷ್ಯರಿಗಿಂತ ಮೊದಲು ಸ್ಪ್ಯಾಮ್ ಬಾಟ್‌ಗಳು ಬರುತ್ತವೆ. ಯಾರೆಂದು ತಿಳಿಯದವರಿಗೆ ಅಧಿಕಾರ ಕೊಡುವ ಮೊದಲು ಅವರು ಪುಟಗಳಲ್ಲಿ ಮಾಡಿದ ಒಂದಷ್ಟು ತಿದ್ದುಪಡಿ ನೋಡಿ. ನೋಂದಣಿಗೆ, ಬಾಟ್ ತಡೆಯಲು ಪ್ರಶ್ನೆ ಕೇಳುವ ಕ್ವೆಸ್ಟಿಕ್ಯಾಪ್ಚಾ ಹಾಕಿ ಕನ್ನಡದಲ್ಲೇ ಪ್ರಶ್ನೆ ಕೇಳಿದ ಮೇಲೆ ನಮ್ಮಲ್ಲಿ ಕಾಟ ಬಹಳ ಇಳಿಯಿತು. ಮತ್ತೆ, ಅಧಿಕಾರ ಕೊಡುವ ಹೊತ್ತಿನಲ್ಲೇ ಒಂದು ಮಾತು ಹೇಳಿಬಿಡಿ: ವಿಕಿಪೀಡಿಯದ ಪಾಸ್‌ವರ್ಡನ್ನು ಇಲ್ಲಿ ಬಳಸಬಾರದು. ಅರ್ಧಂಬರ್ಧ ಸಂಕೇತ ಓಡುವ, ಹಲವರ ಕೈ ಆಡುವ ಯಂತ್ರ ಇದು. ವಿಕಿಮೀಡಿಯಾದವರು ತಮ್ಮ ಬೀಟಾ (ಪರೀಕ್ಷಾ) ತಾಣಗಳಲ್ಲೂ ಇದೇ ಎಚ್ಚರಿಕೆ ಕೊಡುತ್ತಾರೆ.