ಸಹಪಾಠಿಗಳೇ ಪಾಠ ಹೇಳಿಕೊಡುವ ಗುಂಪಿನಲ್ಲಿ ಇಬ್ಬರದೇ ಮಾತು: ಏನು ಮಾಡಬಹುದು?

ಪ್ರಶ್ನೆ: ಜಯನಗರದ ನಮ್ಮ ಮನೆಯ ಮಹಡಿಯಲ್ಲಿ ಪ್ರತಿ ಶನಿವಾರ ಸಂಜೆ ಒಂಬತ್ತನೆಯ ತರಗತಿಯ 12 ಮಕ್ಕಳು ಸೇರಿ ಒಬ್ಬರಿಗೊಬ್ಬರು ಗಣಿತ ಹೇಳಿಕೊಡುವಂತೆ ಏರ್ಪಾಡು ಮಾಡಿದ್ದೇನೆ. ಆದರೆ ಚುರುಕಾದ ಇಬ್ಬರೇ ಬೋರ್ಡಿನ ಮುಂದೆ ನಿಂತು ಲೆಕ್ಕ ಬಿಡಿಸುತ್ತಾರೆ, ಉಳಿದವರು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಸುಮ್ಮನಾಗುತ್ತಾರೆ. ಇದನ್ನು ಸರಿಪಡಿಸುವುದು ಹೇಗೆ?

ಉತ್ತರ 1: ಮೊದಲು ಬೋರ್ಡನ್ನು ತೆಗೆಸಿಬಿಡಿ, ಅದಿರುವವರೆಗೆ ನಿಮ್ಮದು ಇನ್ನೊಂದು ಟ್ಯೂಷನ್ನೇ. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಿಗಾಗಿ ರೂಪಿಸಿದ ಜಿಗ್‌ಸಾ ಪದ್ಧತಿಯಲ್ಲಿ ಗುಂಪಿನ ಒಬ್ಬೊಬ್ಬರಿಗೂ ಪಾಠದ ಒಂದೊಂದು ಭಾಗ ಸಿಗುತ್ತದೆ; ಬೇರೆ ಬೇರೆ ಗುಂಪುಗಳಲ್ಲಿ ಒಂದೇ ಭಾಗ ಪಡೆದವರೆಲ್ಲ ಮೊದಲು ಒಟ್ಟಿಗೆ ಕುಳಿತು ಅದನ್ನು ಅರ್ಥಮಾಡಿಕೊಂಡು, ಆಮೇಲೆ ತಮ್ಮ ತಮ್ಮ ಗುಂಪಿಗೆ ಮರಳಿ ವಿವರಿಸಬೇಕಾದ್ದರಿಂದ ಯಾರೂ ಬಾಯಿ ಮುಚ್ಚಿ ಕೂರುವ ಹಾಗಿಲ್ಲ.

ಉತ್ತರ 2: ಜಿಗ್‌ಸಾ ಸಮಾಜ ವಿಜ್ಞಾನಕ್ಕೆ ಚೆನ್ನಾಗಿ ಒಗ್ಗುತ್ತದೆ, ಹಂತದ ಮೇಲೆ ಹಂತ ನಿಲ್ಲುವ ಬೀಜಗಣಿತಕ್ಕೆ ಅಷ್ಟಾಗಿ ಒಗ್ಗದು ಎಂಬುದು ನನ್ನ ಅನುಭವ. ಗಣಿತಕ್ಕೆ ಇಬ್ಬಿಬ್ಬರನ್ನು ಜೋಡಿ ಮಾಡಿ, ಪೆನ್ನನ್ನು ಮಾತ್ರ ಲೆಕ್ಕ ಗೊತ್ತಿರುವವರ ಕೈಗೆ ಕೊಡಬೇಡಿ. ನಮ್ಮಲ್ಲಿ ಹುಡುಗಿಯೊಬ್ಬಳು (−3)² ಎಂದರೆ −9 ಎಂದು ಬರೆದಾಗ, ಜೊತೆಗಾರ್ತಿ "ಅದನ್ನು ಗುಣಾಕಾರವಾಗಿ ಬಿಡಿಸಿ ಬರಿ" ಎಂದಷ್ಟೇ ಹೇಳಿದಳು. ತಪ್ಪನ್ನು ಬರೆದವಳೇ ತಿದ್ದಿಕೊಂಡಳು.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದ. ಈ ಶನಿವಾರ ಆರು ಜೋಡಿ, ಆರೇ ಪೆನ್ನು.